ಉಬ್ಬಸದ ಔಷಧಿಯೂ ರಕ್ತದೊತ್ತಡವೂ

ಮಳೆಗಾಲದಲ್ಲಿ ಗೋಡೆಯ ಬೂಷ್ಟು, ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ, ಕಾಫಿ ಹೊಟ್ಟಿನ ಧೂಳು. ನಮ್ಮ ಕಡೆ ಉಬ್ಬಸದವರಿಗೆ ವರ್ಷದಲ್ಲಿ ನೆಮ್ಮದಿಯ ತಿಂಗಳುಗಳು ಕಡಿಮೆ. ವಯಸ್ಸು ಐವತ್ತು ದಾಟಿದ ಮೇಲೆ ಅದರ ಜೊತೆಗೆ ರಕ್ತದೊತ್ತಡವೂ ಬಂದು ಸೇರುತ್ತದೆ. ಗೊಬ್ಬರ, ಮೈಲುತುತ್ತಿಗೆಂದು ಸಂಘಕ್ಕೆ ಬರುವ ಸದಸ್ಯರು ಮಾತಿನ ನಡುವೆ ಕೇಳುವ ಪ್ರಶ್ನೆ ಇದು: ದಮ್ಮಿನ ಔಷಧಿ ತೆಗೆದುಕೊಂಡರೆ ಬಿ.ಪಿ. ಏರುತ್ತದೆಯಂತೆ, ಹೌದೆ?

ಕೆಲವು ಔಷಧಿಗಳಿಂದ ಏರುತ್ತದೆ, ಕೆಲವುಗಳಿಂದ ಏರುವುದಿಲ್ಲ. ಯಾವುದರಿಂದ ಎಂಬುದನ್ನು ತಿಳಿಯದೆ ಎಲ್ಲವನ್ನೂ ಬಿಟ್ಟು ಕೂರುವವರೇ ಹೆಚ್ಚು ಅಪಾಯಕ್ಕೆ ಸಿಕ್ಕುತ್ತಾರೆ.

ಈ ಹೆದರಿಕೆ ಹುಟ್ಟಿದ್ದು ಹಳೆಯ ಮಾತ್ರೆಗಳಿಂದ. ಹಿಂದೆ ದಮ್ಮಿನ ಮಾತ್ರೆಗಳಲ್ಲಿ ಎಫೆಡ್ರಿನ್ ಇರುತ್ತಿತ್ತು. ಅದು ಶ್ವಾಸನಾಳವನ್ನು ಸಡಿಲಿಸುವುದರ ಜೊತೆಗೆ ರಕ್ತನಾಳವನ್ನು ಬಿಗಿಗೊಳಿಸಿ ಒತ್ತಡವನ್ನೂ ಏರಿಸುತ್ತದೆ. ಆಮೇಲೆ ಬಂದ ಐಸೊಪ್ರಿನಲಿನ್ ಎಂಬ ಸೇದುವ ಔಷಧಿ ಹೃದಯವನ್ನೂ ಜೋರಾಗಿ ಓಡಿಸುತ್ತಿತ್ತು. 1960ರ ದಶಕದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಸ್ತಮಾ ರೋಗಿಗಳ ಸಾವು ಏರಿದಾಗ ಸಂಶಯ ಬಿದ್ದದ್ದು ಇಂಥ ತೀಕ್ಷ್ಣ ಔಷಧಿಗಳ ಮೇಲೆ. 1969ರಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಸಾಲ್ಬುಟಮಾಲ್ ಹೆಚ್ಚಾಗಿ ಶ್ವಾಸನಾಳದ ಮೇಲೆಯೇ ಕೆಲಸ ಮಾಡುತ್ತದೆ. ಸೇದಿದ ಮೇಲೆ ಸ್ವಲ್ಪ ಎದೆಬಡಿತ, ಕೈನಡುಕ ಕಾಣಬಹುದು. ಆದರೆ ಹೇಳಿದ ಪ್ರಮಾಣದಲ್ಲಿ ಸೇದಿದರೆ ಒತ್ತಡದಲ್ಲಿ ಹೇಳಿಕೊಳ್ಳುವಂಥ ಏರಿಕೆ ಸಾಮಾನ್ಯವಾಗಿ ಆಗುವುದಿಲ್ಲ.

ಇಲ್ಲಿ ನಮ್ಮವರಲ್ಲಿ ಬೇರೂರಿರುವ ಒಂದು ನಂಬಿಕೆಯ ಮಾತು ಹೇಳಲೇಬೇಕು. "ಪಂಪು ಬಹಳ ಸ್ಟ್ರಾಂಗು, ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲ, ಮಾತ್ರೆಯೇ ಸೌಮ್ಯ" ಎನ್ನುವವರು ಮನೆಮನೆಯಲ್ಲಿದ್ದಾರೆ. ಲೆಕ್ಕ ನೋಡಿ. ಪಂಪಿನ ಒಂದು ಒತ್ತಿಗೆ ಹೊರಬರುವ ಸಾಲ್ಬುಟಮಾಲ್ 100 ಮೈಕ್ರೊಗ್ರಾಂ. ಒಂದು ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ. ಅಂದರೆ 4 ಮಿಲಿಗ್ರಾಂ ಮಾತ್ರೆಯೊಂದರಲ್ಲಿ 40 ಒತ್ತಿನಷ್ಟು ಔಷಧಿ! ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಹೃದಯವನ್ನೂ ಕೈಕಾಲನ್ನೂ ಸುತ್ತಿಕೊಂಡು ಕಡೆಗೆ ಶ್ವಾಸಕೋಶಕ್ಕೆ ಬರಬೇಕು. ಕೊಳೆರೋಗಕ್ಕೆ ಗೊನೆಗೆ ಬೋರ್ಡೋ ಹೊಡೆಯುವ ಬದಲು ಡ್ರಮ್ಮುಗಟ್ಟಲೆ ಬುಡಕ್ಕೆ ಸುರಿಯುವವನನ್ನು ನಾವು ಜಾಣ ಎನ್ನುವುದಿಲ್ಲವಷ್ಟೆ. ಕೈ ನಡುಗಿ ಕಸಿಕತ್ತರಿ ಹಿಡಿಯಲಾಗದೆ, ಎದೆ ಹೊಡೆದುಕೊಂಡು ರಾತ್ರಿ ನಿದ್ದೆಗೆಡುವುದು ಮಾತ್ರೆಯಿಂದಲೇ ಹೆಚ್ಚು.

ಥಿಯೊಫಿಲಿನ್ ಮಾತ್ರೆ ಇನ್ನೊಂದು ಬಗೆ. ಹಿತಕ್ಕೂ ವಿಷಕ್ಕೂ ನಡುವೆ ಅದರಲ್ಲಿ ಅಂತರ ಬಹಳ ಕಡಿಮೆ. ಜ್ವರಕ್ಕೋ ಭೇದಿಗೋ ಸಿಪ್ರೊಫ್ಲಾಕ್ಸಸಿನ್ ಅಥವಾ ಎರಿತ್ರೊಮೈಸಿನ್ ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಾಂತಿ, ಎದೆಬಡಿತ ಬರಬಹುದು. 1888ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಚಹಾ ಎಲೆಯಿಂದ ಬೇರ್ಪಡಿಸಿದ ಈ ಥಿಯೊಫಿಲಿನ್, ನಮ್ಮ ಕಾಫಿಯ ಕೆಫೀನಿನ ಹತ್ತಿರದ ಸಂಬಂಧಿ. 1860ರಷ್ಟು ಹಿಂದೆಯೇ ಇಂಗ್ಲೆಂಡಿನ ವೈದ್ಯ ಹೈಡ್ ಸಾಲ್ಟರ್ ಆಸ್ತಮಾಕ್ಕೆ ಗಟ್ಟಿ ಕಾಫಿ ಹೇಳಿದ್ದರು. ಕಾಫಿ ಶ್ವಾಸನಾಳವನ್ನು ತುಸು ಸಡಿಲಿಸುವುದು ನಿಜ, ಆದರೆ ಔಷಧಿಯ ಜಾಗದಲ್ಲಿ ನಿಲ್ಲುವಷ್ಟಲ್ಲ. ಥಿಯೊಫಿಲಿನ್ ತೆಗೆದುಕೊಳ್ಳುವವರು ದಿನಕ್ಕೆ ಐದಾರು ಲೋಟ ಏರಿಸಿದರೆ ಎದೆಬಡಿತ ಇಮ್ಮಡಿಸೀತು. (ಬೆಳೆಗಾರರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನಮಗಿಲ್ಲ. ಒಂದೆರಡು ಲೋಟ ಕಡಿಮೆ ಮಾಡಿ ಎನ್ನಬಹುದು.) ಅಡಿಕೆಯ ವಿಷಯದಲ್ಲೂ ಸತ್ಯ ಹೇಳಬೇಕು. ಅದರ ಅರೆಕೊಲಿನ್ ಅಂಶ ಶ್ವಾಸನಾಳವನ್ನು ಬಿಗಿಯಬಲ್ಲದು. ಕವಳ ಹಾಕಿದ ಮೇಲೆ ಎದೆ ಕಟ್ಟಿದಂತಾಗುವ ಉಬ್ಬಸದವರು ಮಾರುವ ಅಡಿಕೆಯನ್ನು ಮಾರಿದರೆ ಸಾಕು, ಜಗಿಯುವುದು ಬೇಡ.

ಒತ್ತಡವನ್ನು ನಿಜವಾಗಿ ಏರಿಸುವುದು ಪ್ರೆಡ್ನಿಸೊಲೊನ್, ಡೆಕ್ಸಾಮೆಥಾಸೊನ್ ಮೊದಲಾದ ಸ್ಟೆರಾಯ್ಡ್ ಮಾತ್ರೆಗಳು. ತಿಂಗಳುಗಟ್ಟಲೆ ನುಂಗಿದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಮುಖ ಊದುತ್ತದೆ, ಸಕ್ಕರೆಯೂ ಏರುತ್ತದೆ. ಉಬ್ಬಸ ಕೆರಳಿದಾಗ ವೈದ್ಯರು ಐದೋ ಏಳೋ ದಿನಕ್ಕೆ ಕೊಡುವುದು ಬೇರೆ ಮಾತು. ಅದು ಜೀವ ಉಳಿಸುತ್ತದೆ. ಹೆಸರಿಲ್ಲದ ಪೊಟ್ಟಣದ "ದಮ್ಮಿನ ಪುಡಿ"ಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಪತ್ತೆಯಾದದ್ದುಂಟು. ಒಂದೇ ದಿನದಲ್ಲಿ ಗುಣ ಕೊಡುವ ಪುಡಿ ಸಿಕ್ಕಿದರೆ ಸಂತೋಷಪಡುವ ಮೊದಲು ಸಂಶಯಪಡಿ. ಆದರೆ ಬಹುಕಾಲ ತಿಂದದ್ದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ, ವೈದ್ಯರು ಹಂತ ಹಂತವಾಗಿ ಇಳಿಸಬೇಕು. ಸೇದುವ ಸ್ಟೆರಾಯ್ಡಿನ ಪ್ರಮಾಣ ಇದರ ಮುಂದೆ ಅತ್ಯಲ್ಪ. 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ದೊಡ್ಡವರ ಉಬ್ಬಸಕ್ಕೆ ಬರೀ ಸಾಲ್ಬುಟಮಾಲ್ ಸಾಲದು, ಸೇದುವ ಸ್ಟೆರಾಯ್ಡ್ ಜೊತೆಗಿರಬೇಕು ಎನ್ನುತ್ತಿದೆ. ಸೇದಿದ ಮೇಲೆ ಬಾಯಿ ಮುಕ್ಕಳಿಸಿದರಾಯಿತು.

ಕೆಮ್ಮಿನ ಕಷಾಯಕ್ಕೆ ಹಾಕುವ ಅತಿಮಧುರವನ್ನು ವಾರಗಟ್ಟಲೆ ಕುಡಿದರೂ ಒತ್ತಡ ಏರುತ್ತದೆ. ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ಕೂಡ ಏರಿಸಬಲ್ಲದು. ಸೊಂಟನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಒತ್ತಡ ಏರಿಸುವುದಲ್ಲದೆ ಕೆಲವರಲ್ಲಿ ಉಬ್ಬಸವನ್ನೂ ಎಬ್ಬಿಸುತ್ತವೆ.

ಇದಕ್ಕಿಂತ ಗಂಭೀರವಾದದ್ದು ತಿರುಗುಮುರುಗಿನ ಸಂಗತಿ, ಬಿ.ಪಿ. ಮಾತ್ರೆಯಿಂದ ಉಬ್ಬಸ ಕೆರಳುವುದು. ಪ್ರೊಪ್ರನೊಲಾಲ್ ಶ್ವಾಸನಾಳವನ್ನು ಬಿಗಿಯುತ್ತದೆ. ಅಷ್ಟೇ ಅಲ್ಲ, ಆ ಹೊತ್ತಿಗೆ ಸೇದಿದ ಸಾಲ್ಬುಟಮಾಲ್ ಕೆಲಸ ಮಾಡದಂತೆಯೂ ತಡೆಯುತ್ತದೆ. ಅಟೆನೊಲಾಲಿನಲ್ಲಿ ಈ ಅಪಾಯ ಕಡಿಮೆ, ಆದರೂ ಇಲ್ಲದಿಲ್ಲ. ಕಣ್ಣಿಗೆ ಬಿಡುವ ಟಿಮೊಲಾಲ್ ಹನಿಯೂ ಇದೇ ಜಾತಿಯದು. ಎನಲಾಪ್ರಿಲ್, ರಾಮಿಪ್ರಿಲ್‌ಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ, ಅದನ್ನು ಉಬ್ಬಸವೆಂದೇ ತಿಳಿದು ಔಷಧಿ ಹೆಚ್ಚಿಸಿಕೊಂಡವರೂ ಇದ್ದಾರೆ. ಇವುಗಳಿಗೆ ಬದಲಿ ಮಾತ್ರೆಗಳು ಧಾರಾಳವಾಗಿವೆ. ತೊಂದರೆಯೆಂದರೆ ಬಿ.ಪಿ.ಗೆ ಒಬ್ಬ ಡಾಕ್ಟರು, ದಮ್ಮಿಗೆ ಇನ್ನೊಬ್ಬರು, ಕಣ್ಣಿಗೆ ಮತ್ತೊಬ್ಬರು, ಮತ್ತು ನಮ್ಮವರು ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸುವುದಿಲ್ಲ. ಮನೆಯಲ್ಲಿರುವ ಮಾತ್ರೆ, ಹನಿ, ಪಂಪು, ಕಷಾಯದ ಪುಡಿ ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ, ನಾಚಿಕೆ ಬೇಡ.

ಉಬ್ಬಸ ಎದ್ದ ಹೊತ್ತಿನಲ್ಲಿ ಬಿ.ಪಿ.ಗೆ ಹೆದರಿ ಪಂಪು ದೂರವಿಡಬಾರದು. ಉಸಿರುಗಟ್ಟುವ ಸಂಕಟಕ್ಕೇ ಒತ್ತಡ ಏರಿರುತ್ತದೆ, ಉಸಿರು ಸರಿಹೋದಂತೆ ಅದೂ ಇಳಿಯುತ್ತದೆ. ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ, ಪಂಪಿನಿಂದ ಗುಣ ಕಾಣದಿದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ನಮ್ಮ ಘಟ್ಟದ ರಸ್ತೆಗಳಲ್ಲಿ ವಾಹನ ಬರಲು ತಡವಾಗುವಂತಿದ್ದರೆ ಪಕ್ಕದ ತೋಟದವರ ಜೀಪಿನಲ್ಲಿ ಹೊರಟು, ದಾರಿಯುದ್ದಕ್ಕೂ ಪಂಪು ಸೇದಿಸುತ್ತಿರಿ.