ಸೂಜಿಯ ತುದಿಯಲ್ಲಿ ನಾಲ್ಕು ಡೆಂಗಿ!

ಅರ್ಧ ಮಿಲಿಲೀಟರ್ ಲಸಿಕೆ. ಅದರೊಳಗೆ ಏನಿದೆ, ಹೇಳಿ ನೋಡೋಣ? ಸತ್ತ ವೈರಸ್ಸೇ? ಅಲ್ಲ! ಅದರ ಚೂರೇ? ಅದೂ ಅಲ್ಲ!

ಜೀವಂತ ಡೆಂಗಿ! ಅದೂ ನಾಲ್ಕೂ ಬಗೆಯದು, ಒಟ್ಟಿಗೆ!

ಹೆದರಬೇಡಿ, ಇವು ಸೊಕ್ಕಡಗಿದ ವೈರಸ್‌ಗಳು. ಅಡಗಿಸಿದ್ದು ಹೇಗೆ ಗೊತ್ತೇ? ಡೆಂಗಿಯ ವಂಶವಾಹಿ ಬರಹದಲ್ಲಿ ಸುಮಾರು 10,700 ಅಕ್ಷರಗಳಿವೆ. ಅಮೆರಿಕದ ಎನ್‌ಐಎಚ್ ವಿಜ್ಞಾನಿಗಳು ಅದರಲ್ಲಿ ಎಷ್ಟು ಕತ್ತರಿಸಿರಬಹುದು? ಸಾವಿರ? ನೂರು?

ಮೂವತ್ತು! ಬಾಲದ ಕಡೆಯ ಬರೀ 30 ಅಕ್ಷರ! ಮೂರನೇ ಬಗೆಯದು ಮಾತ್ರ ಮಹಾ ಮೊಂಡು. ಅದಕ್ಕೆ ಇನ್ನೂ 31 ಅಕ್ಷರ ಕತ್ತರಿಸಬೇಕಾಯಿತು. ಎರಡನೆಯದಂತೂ ವೇಷಧಾರಿ: ಒಳಗೆ ನಾಲ್ಕನೇ ಬಗೆಯ ಮೈ, ಮೇಲೆ ಎರಡನೆಯದರ ಅಂಗಿ! ಟಿವಿ003 ಎಂಬ ಈ ಲಸಿಕೆ ಹುಟ್ಟಿದ್ದು ಹೀಗೆ.

ಚುಚ್ಚಿದ ಮೇಲೆ? ವೈರಸ್ ಸುಮ್ಮನೆ ಕೂರುವುದಿಲ್ಲ. ಬೆಳೆಯುತ್ತದೆ! ರಕ್ತಕ್ಕೂ ಇಳಿಯುತ್ತದೆ! ಡೆಂಗಿ ಜ್ವರದವರ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಲಕ್ಷಗಟ್ಟಲೆ ಇರಬಹುದು. ಈ ಲಸಿಕೆ ಪಡೆದವರಲ್ಲಿ? ಹೆಚ್ಚಿನವರಲ್ಲಿ ಹತ್ತೂ ಸಿಗುವುದಿಲ್ಲ! ಅರ್ಧಕ್ಕಿಂತ ಹೆಚ್ಚು ಜನರ ಮೈಮೇಲೆ ತೆಳುವಾಗಿ ದದ್ದು ಏಳುತ್ತದೆ. ಅದನ್ನು ಕಂಡರೆ ಸಂಶೋಧಕರಿಗೆ ಖುಷಿ, ಲಸಿಕೆ ನಾಟಿದೆ ಎಂದು!

ಜಪಾನಿನ ಟಕೇಡಾ ಕಂಪನಿಯ ಡೆಂಗಿ ಲಸಿಕೆ ಕ್ಯೂಡೆಂಗಾದ ಕಥೆ ಇನ್ನೂ ಮಜಾ. ಹಿಂದೆ ಡೆಂಗಿ ಬಾರದವರಲ್ಲಿ 49% ಜನರ ರಕ್ತದಲ್ಲಿ ಲಸಿಕೆಯ ವೈರಸ್ ಕಾಣಿಸಿತು. ಅದೂ ಎರಡನೇ ವಾರದಲ್ಲಿ, ನಾವು ಚುಚ್ಚಿಸಿಕೊಂಡದ್ದನ್ನೇ ಮರೆತಿರುವಾಗ! ಸರಾಸರಿ ನಾಲ್ಕು ದಿನ ಇದ್ದು ಮಾಯ. ಆಗ ಡೆಂಗಿ ಪರೀಕ್ಷೆ ಮಾಡಿಸಿದರೆ ಪಾಸಿಟಿವ್ ಬರಬಹುದು! ಸೊಳ್ಳೆ ತಂದದ್ದೋ ಲಸಿಕೆ ತಂದದ್ದೋ, ಪರೀಕ್ಷೆಗೆ ತಿಳಿಯದು.

ಹಾಗಾದರೆ ಲಸಿಕೆ ಪಡೆದವರನ್ನು ಕಚ್ಚಿದ ಸೊಳ್ಳೆ ಅದನ್ನು ಊರಿಗೆಲ್ಲ ಹಂಚೀತೇ? ಒಳ್ಳೆಯ ಪ್ರಶ್ನೆ! ವಿಜ್ಞಾನಿಗಳು ಅದನ್ನೂ ನೋಡಿಬಿಟ್ಟಿದ್ದಾರೆ. 30 ಅಕ್ಷರ ಕಳೆದುಕೊಂಡ ನಾಲ್ಕನೇ ಬಗೆಯ ವೈರಸ್ ಚುಚ್ಚಿಸಿಕೊಂಡ ಹತ್ತು ಜನರಿಂದ ಮುನ್ನೂರಕ್ಕೂ ಹೆಚ್ಚು ಸೊಳ್ಳೆಗಳಿಗೆ ರಕ್ತ ಕುಡಿಸಿದರು. ಸೋಂಕು ಅಂಟಿದ ಸೊಳ್ಳೆಗಳೆಷ್ಟು? ಒಂದೂ ಇಲ್ಲ!

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಆರು ತಿಂಗಳ ಬಳಿಕ ಟಿವಿ003 ಅನ್ನು ಮತ್ತೆ ಚುಚ್ಚಿದರು. ಏನಾಯಿತು? ಏನೂ ಆಗಲಿಲ್ಲ! ರಕ್ತದಲ್ಲಿ ವೈರಸ್ ಇಲ್ಲ, ದದ್ದೂ ಇಲ್ಲ. ಬಂದ ವೈರಸ್ಸಿಗೆ ತಲೆ ಎತ್ತಲೂ ಬಿಡದಷ್ಟು ಕಾವಲು ಮೊದಲ ಚುಚ್ಚುಮದ್ದಿಗೇ ಸಿದ್ಧವಾಗಿತ್ತು!

ನಂಬಿಕೆ ಬರಲಿಲ್ಲವೇ? 2016ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ಟೋಂಗಾದ ತಳಿಯಿಂದ ತಯಾರಿಸಿದ ಎರಡನೇ ಬಗೆಯ ಡೆಂಗಿಯನ್ನು ಸ್ವಯಂಸೇವಕರಿಗೆ ಬೇಕೆಂದೇ ಚುಚ್ಚಿದರು! ಲಸಿಕೆ ಇಲ್ಲದ 20 ಜನರಲ್ಲಿ ವೈರಸ್ ಕಂಡದ್ದು 20 ಜನರಲ್ಲೂ. ಆರು ತಿಂಗಳ ಹಿಂದೆ ಲಸಿಕೆ ಪಡೆದಿದ್ದ 21 ಜನರಲ್ಲಿ? ಸೊನ್ನೆ!

ಆದರೆ ನಾಲ್ಕೂ ಬಗೆಯನ್ನು ಹದವಾಗಿ ಬೆಳೆಸುವುದು ಹುಡುಗಾಟವಲ್ಲ. ಹಳದಿ ಜ್ವರದ ಲಸಿಕೆ ವೈರಸ್ಸಿನ ಮೇಲೆ ಕಟ್ಟಿದ ಡೆಂಗ್ವಾಕ್ಸಿಯಾ ಎಂಬ ಡೆಂಗಿ ಲಸಿಕೆಯಲ್ಲಿ ನಾಲ್ಕನೇ ಬಗೆ ಮುಂದೆ ಓಡಿತು, ಉಳಿದವು ಹಿಂದೆ ಬಿದ್ದವು. ಮೊದಲು ಡೆಂಗಿ ಬಾರದೆ ಆ ಲಸಿಕೆ ಪಡೆದವರಿಗೆ ಮುಂದೆ ತೀವ್ರ ಡೆಂಗಿಯ ಅಪಾಯ ಹೆಚ್ಚಿದ್ದು 2017ರಲ್ಲಿ ಹೊರಬಿತ್ತು. ಅಷ್ಟರಲ್ಲಿ ಫಿಲಿಪ್ಪೀನ್ಸ್‌ನ ಲಕ್ಷಾಂತರ ಮಕ್ಕಳಿಗೆ ಅದನ್ನು ಕೊಟ್ಟಾಗಿತ್ತು.

ಆ 30 ಅಕ್ಷರದ ಕತ್ತರಿ ಕೆಲಸ ಈಗ ಎಲ್ಲಿಗೆ ಬಂದಿದೆ ಊಹಿಸಿ! ಬ್ರೆಜಿಲ್‌ನ ಬುಟಾಂಟಾನ್ ಸಂಸ್ಥೆಯ ಲಸಿಕೆಗೆ 2025ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಒಂದೇ ಡೋಸ್! ನಮ್ಮಲ್ಲೂ ಅದೇ ಬೇರಿನ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗವನ್ನು ಐಸಿಎಂಆರ್ ಮತ್ತು ಪ್ಯಾನೇಸಿಯಾ ಬಯೋಟೆಕ್ ಕೈಗೊಂಡಿವೆ. ಗುರಿ 10,335 ವಯಸ್ಕರು. ಮೊದಲ ಸೂಜಿ ಇಳಿದದ್ದು 2024ರ ಆಗಸ್ಟ್‌ನಲ್ಲಿ, ಹರಿಯಾಣದ ರೋಹ್ಟಕ್‌ನಲ್ಲಿ!