ಪ್ರೌಢಶಾಲೆಯ ಹೊಸ ವರ್ಷ: ಯಾವ ಮಗುವೂ ಬಾಗಿಲಾಚೆ ನಿಲ್ಲದಿರಲಿ

ಬೇಸಿಗೆಯ ರಜೆ ಮುಗಿದು ನಾಡಿನ ಪ್ರೌಢಶಾಲೆಗಳು ಮತ್ತೆ ತೆರೆದಿವೆ. ಬಾಗಿಲಿಗೆ ತಳಿರು ತೋರಣ ಕಟ್ಟಿ, ಮಕ್ಕಳಿಗೆ ಸಿಹಿ ಹಂಚಿ, ಹೊಸ ಪಠ್ಯಪುಸ್ತಕಗಳನ್ನು ಕೈಗಿತ್ತು ಬರಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿ ರೂಢಿಯಾಗಿದೆ. ಈ ಸಂಭ್ರಮದ ನಡುವೆ ಸದ್ಭಕ್ತರೆಲ್ಲರೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕೆಂದು ನಾವು ಬಯಸುತ್ತೇವೆ. ನಮ್ಮ ಊರಿನಲ್ಲಿ ಏಳನೆಯ ತರಗತಿಯನ್ನು ಮುಗಿಸಿದ ಮಕ್ಕಳಲ್ಲಿ ಯಾರು ಎಂಟನೆಯ ತರಗತಿಗೆ ಬಂದಿಲ್ಲ? ಬಾರದವರಲ್ಲಿ ಕಣ್ಣು ಮಂಜಾದವರು, ಕಿವಿ ಕೇಳಿಸದವರು, ನಡೆಯಲು ಕಷ್ಟಪಡುವವರು, ಓದು ಬರಹದಲ್ಲಿ ತೀರಾ ಹಿಂದುಳಿದವರು ಎಷ್ಟು ಮಂದಿ? ಬಂದವರ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ. ಬಾರದವರ ಹೆಸರು ಎಲ್ಲಿಯೂ ಇರುವುದಿಲ್ಲ. ಆದುದರಿಂದಲೇ ಈ ಪ್ರಶ್ನೆಯನ್ನು ಸಮುದಾಯವೇ ಕೇಳಬೇಕಾಗಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅಂದು ಎಣಿಕೆಗೆ ಸಿಕ್ಕ ವೈಕಲ್ಯಗಳ ಪಟ್ಟಿ ಚಿಕ್ಕದು. 1995ರ ಕಾಯಿದೆ ಏಳು ಬಗೆಗಳನ್ನು ಮಾತ್ರ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆ, ಆಟಿಸಂ, ಸ್ನಾಯು ಕ್ಷಯ, ಕುಡುಗೋಲು ಕಣ ರಕ್ತಹೀನತೆ ಮುಂತಾದವು ಈಗ ಅದರಲ್ಲಿ ಸೇರಿವೆ. ಹಿಂದೆ ಮೇಷ್ಟ್ರು ‘ದಡ್ಡ’ನೆಂದೋ ‘ಸೋಮಾರಿ’ಯೆಂದೋ ಕರೆದು ಹಿಂದಿನ ಬೆಂಚಿಗೆ ಕಳಿಸುತ್ತಿದ್ದ ಅನೇಕ ಮಕ್ಕಳಿಗೆ ಇದರಿಂದ ಮೊದಲ ಬಾರಿಗೆ ಕಾನೂನಿನ ಆಸರೆ ದೊರೆತಿದೆ.

ಸಮನ್ವಯ ಶಿಕ್ಷಣವೆಂದರೇನು?

ವಿಕಲಚೇತನ ಮಗುವಿನ ಶಿಕ್ಷಣಕ್ಕೆ ಮೂರು ದಾರಿಗಳು ಬೆಳೆದುಬಂದಿವೆ. ಮೊದಲನೆಯದು ಅಂಧರಿಗೆ, ಕಿವುಡರಿಗೆ ಪ್ರತ್ಯೇಕವಾದ ವಿಶೇಷ ಶಾಲೆ. ಎರಡನೆಯದು ಮಗುವನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಂಡು, ಅಲ್ಲಿನ ಕ್ರಮಕ್ಕೆ ಮಗುವೇ ಹೊಂದಿಕೊಳ್ಳಲೆಂದು ಬಿಟ್ಟುಬಿಡುವುದು. ಮೂರನೆಯದೇ ನಿಜವಾದ ಸಮನ್ವಯ. ಇಲ್ಲಿ ಮಗು ಶಾಲೆಗೆ ಹೊಂದಿಕೊಳ್ಳಲೆಂದು ಕಾಯದೆ ಶಾಲೆಯೇ ಮಗುವಿಗೆ ತಕ್ಕಂತೆ ತನ್ನ ಕಟ್ಟಡ, ಬೋಧನೆ ಹಾಗೂ ಪರೀಕ್ಷೆಗಳನ್ನು ಬದಲಿಸಿಕೊಳ್ಳುತ್ತದೆ. ನಮ್ಮ ಬಹುಪಾಲು ಶಾಲೆಗಳು ಎರಡನೆಯ ದಾರಿಯಲ್ಲಿಯೇ ನಿಂತು, ಮೂರನೆಯದನ್ನು ತಲುಪಿದೆವೆಂದು ಭಾವಿಸುತ್ತವೆ. ದಾಖಲಾತಿ ಮಾಡಿಕೊಂಡ ಮಾತ್ರಕ್ಕೆ ಮಗುವನ್ನು ಒಳಗೊಂಡಂತಾಗುವುದಿಲ್ಲ.

ಇದರರ್ಥ ವಿಶೇಷ ಶಾಲೆಗಳು ಬೇಡವೆಂದಲ್ಲ. ಕಿವುಡ ಮಗುವಿಗೆ ಸಂಜ್ಞಾ ಭಾಷೆಯ ವಾತಾವರಣ, ಅಂಧ ಮಗುವಿಗೆ ಬ್ರೈಲ್ ಲಿಪಿಯ ಗಟ್ಟಿ ತಳಹದಿ ಅಲ್ಲಿ ಚೆನ್ನಾಗಿ ದೊರೆಯಬಹುದು. ಕಾಯಿದೆಯೂ ಆಯ್ಕೆಯನ್ನು ಕುಟುಂಬಕ್ಕೇ ಬಿಟ್ಟಿದೆ. ಆಯ್ಕೆಗೆ ಅರ್ಥ ಬರಬೇಕಾದರೆ ಎರಡೂ ಬಾಗಿಲುಗಳು ನಿಜವಾಗಿ ತೆರೆದಿರಬೇಕು.

ನಮ್ಮ ಪರಂಪರೆಗೆ ಈ ವಿಚಾರ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬಹುದು. ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳ ಪ್ರತಿಭೆಯನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಗುರುತಿಸಿ ಬೆಳೆಸಿದರು. ಆ ಗವಾಯಿಗಳು ಅಂಧ ಮಕ್ಕಳಿಗೆ ಆಸರೆಯಾದರು. ಅವರ ಬಳಿ ದೃಷ್ಟಿಹೀನರಾದ ಪುಟ್ಟರಾಜ ಗವಾಯಿಗಳೂ ಕಲಿತರು, ದೃಷ್ಟಿಯುಳ್ಳ ಬಸವರಾಜ ರಾಜಗುರುಗಳೂ ಕಲಿತರು. ಕಾಣುವವನು ಕಾಣದವನಿಂದ ವಿದ್ಯೆ ಪಡೆದ ಆ ನೆಲದಲ್ಲಿ ಯಾರು ಯಾರಿಗೆ ಉಪಕಾರ ಮಾಡಿದರೆಂಬ ಲೆಕ್ಕವೇ ಉಳಿಯಲಿಲ್ಲ. ಒಬ್ಬ ಮಗುವಿನ ಮೇಲೆ ಇಟ್ಟ ವಿಶ್ವಾಸ ಎಷ್ಟು ಮಂದಿಯ ಬಾಳಿಗೆ ಬೆಳಕಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾನೂನು ಹೇಳುವುದೇನು?

2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಎಂಟನೆಯ ತರಗತಿಯವರೆಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ನೀಡುತ್ತದೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆಯೆಂದರೆ ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳು. ಹೀಗಾಗಿ ಆ ರಕ್ಷಣೆ ಪ್ರೌಢಶಾಲೆಯ ಮೊದಲ ಮೆಟ್ಟಿಲಲ್ಲಿಯೇ ಮುಗಿಯುತ್ತದೆ. ಮುಂದೇನು? ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ಮಗುವಿಗೆ 2016ರ ಕಾಯಿದೆಯು 18 ವರ್ಷ ತುಂಬುವವರೆಗೂ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ನೆರೆಯ ಶಾಲೆಯಾಗಲಿ, ವಿಶೇಷ ಶಾಲೆಯಾಗಲಿ, ತನಗೆ ಬೇಕಾದಲ್ಲಿ ಕಲಿಯಬಹುದು. ‘ಎಂಟನೆಯದು ಆಯಿತಲ್ಲ, ಇನ್ನು ಮನೆಯಲ್ಲಿರಲಿ’ ಎಂದುಕೊಳ್ಳುವ ಪಾಲಕರು ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು.

ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಕರ್ತವ್ಯವನ್ನೂ ಇದೇ ಕಾಯಿದೆ ವಿವರಿಸುತ್ತದೆ. ತಾರತಮ್ಯವಿಲ್ಲದೆ ಪ್ರವೇಶ ನೀಡುವುದು, ಆಟೋಟಗಳಲ್ಲಿ ಸಮಾನ ಅವಕಾಶ ಕಲ್ಪಿಸುವುದು, ಕಟ್ಟಡ ಮತ್ತು ಆವರಣವನ್ನು ಸುಗಮಗೊಳಿಸುವುದು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡುವುದು, ಕಲಿಕಾ ನ್ಯೂನತೆಯನ್ನು ಬೇಗನೆ ಗುರುತಿಸುವುದು ಅವುಗಳಲ್ಲಿ ಕೆಲವು. ಮಠಗಳ ಆಶ್ರಯದಲ್ಲಿ ನಡೆಯುವ ಮಾನ್ಯತೆ ಪಡೆದ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ‘ನಮ್ಮಲ್ಲಿ ಸೌಕರ್ಯವಿಲ್ಲ, ಬೇರೆಡೆ ನೋಡಿ’ ಎಂಬ ಮಾತು ವಿನಯದ ಧ್ವನಿಯಲ್ಲಿ ಬಂದರೂ ಅದು ನಿರಾಕರಣೆಯೇ ಆಗುತ್ತದೆ.

ತರಗತಿಯೊಳಗೆ ಆಗಬೇಕಾದುದು

ದೊಡ್ಡ ವೆಚ್ಚವಿಲ್ಲದೆ ಸಾಧ್ಯವಾಗುವ ಬದಲಾವಣೆಗಳು ಬಹಳ ಇವೆ. ಶಿಕ್ಷಕರು ಹಲಗೆಯ ಮೇಲೆ ಬರೆದುದನ್ನು ಬಾಯಿಬಿಟ್ಟು ಓದಿದರೆ ಮಂದದೃಷ್ಟಿಯ ಮಗುವಿಗೆ ಪಾಠ ತಲುಪುತ್ತದೆ. ಹಲಗೆಗೆ ಮುಖ ಮಾಡಿ ಮಾತನಾಡದೆ ತರಗತಿಗೆ ಮುಖ ಮಾಡಿ ಮಾತನಾಡಿದರೆ, ತುಟಿಯ ಚಲನೆಯನ್ನು ನೋಡಿ ಅರ್ಥಮಾಡಿಕೊಳ್ಳುವ ಮಗುವಿಗೆ ಅನುಕೂಲವಾಗುತ್ತದೆ. ಗಾಲಿಕುರ್ಚಿಯ ಮಗುವಿದ್ದರೆ ಆ ತರಗತಿಯನ್ನು ಮೇಲಿನ ಮಹಡಿಯಿಂದ ನೆಲ ಅಂತಸ್ತಿಗೆ ತಂದರೆ ಸಾಕು. ಇಳಿಜಾರು ಕಟ್ಟುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬ ಅಳತೆಯನ್ನು ಪಾಲಿಸಬೇಕು; ಕಡಿದಾದ ಇಳಿಜಾರು ತಪಾಸಣೆಗೆ ಸಾಲಬಹುದು, ಮಗುವಿಗೆ ಸಾಲದು. ಶೌಚಾಲಯದ ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲವಿರಬೇಕು. ಹರೆಯಕ್ಕೆ ಕಾಲಿಡುತ್ತಿರುವ ಹೆಣ್ಣುಮಗಳು ಶಾಲೆ ಬಿಡುವುದಕ್ಕೆ ಕೆಲವೊಮ್ಮೆ ಈ ಒಂದು ಬಾಗಿಲೇ ಕಾರಣವಾಗುತ್ತದೆ.

ಕಲಿಕಾ ನ್ಯೂನತೆಯನ್ನು ಗುರುತಿಸುವುದು ಹೆಚ್ಚು ಸೂಕ್ಷ್ಮವಾದ ಕೆಲಸ. ಕೇಳಿದ್ದನ್ನೆಲ್ಲ ಚೆನ್ನಾಗಿ ಹೇಳಬಲ್ಲ ಮಗು ಬರೆಯಲು ಕುಳಿತಾಗ ಒತ್ತಕ್ಷರ, ದೀರ್ಘಗಳನ್ನು ಬಿಡುತ್ತದೆ, ಅಕ್ಷರಗಳನ್ನು ಅದಲುಬದಲು ಮಾಡುತ್ತದೆ, ಸಾಲು ತಪ್ಪಿಸಿ ಓದುತ್ತದೆ. ಇಂತಹ ಲಕ್ಷಣಗಳು ದೀರ್ಘಕಾಲ ಕಂಡುಬಂದರೆ ಬೈಯುವ ಬದಲು ಪರೀಕ್ಷಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಬಗೆಯ ಪರೀಕ್ಷೆ ನಡೆಯುತ್ತದೆ. ಶ್ರವಣ ಹಾಗೂ ಮಾತಿನ ತೊಂದರೆಗಳಿಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ತಾಲ್ಲೂಕು ಮಟ್ಟದಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು ಮೊದಲು ಕಾಣಬಹುದು.

ಪರೀಕ್ಷೆಯ ಸಿದ್ಧತೆ ಈಗಲೇ ಏಕೆ?

ಎಸ್.ಎಸ್.ಎಲ್.ಸಿ. ಪರೀಕ್ಷೆ ವರ್ಷದ ಕೊನೆಗೆ ಬರುತ್ತದೆ. ಅದರ ಸೌಲಭ್ಯಗಳಿಗೆ ಬೇಕಾದ ದಾಖಲೆಗಳ ಕೆಲಸವನ್ನು ವರ್ಷದ ಮೊದಲಲ್ಲಿಯೇ ಆರಂಭಿಸಬೇಕು. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಹಾಗೂ ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು 2016ರ ಕಾಯಿದೆಯೇ ಹೆಸರಿಸಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯವನ್ನು ಹೇಳಿದೆ. ಶೇಕಡಾ 40ರ ಮಿತಿಯನ್ನು ತಲುಪದಿದ್ದರೂ ಬರೆಯಲು ನಿಜವಾದ ತೊಂದರೆಯಿರುವವರಿಗೆ ಲಿಪಿಕಾರರನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ.

ಈ ಸೌಲಭ್ಯಗಳಿಗಾಗಿ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಕೋರಿಕೆ ಸಲ್ಲಬೇಕು. ಅದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಆಸ್ಪತ್ರೆಯ ಸರದಿ, ತಜ್ಞರ ಪರೀಕ್ಷೆ, ಯು.ಡಿ.ಐ.ಡಿ. ಗುರುತಿನ ಚೀಟಿ ಇವೆಲ್ಲಕ್ಕೂ ಸಮಯ ಹಿಡಿಯುತ್ತದೆ. ಒಂಬತ್ತನೆಯ ತರಗತಿಯಲ್ಲಿಯೇ ಆರಂಭಿಸಿದರೆ ಇನ್ನೂ ಒಳ್ಳೆಯದು. ಲಿಪಿಕಾರರಿಗೆ ಹೇಳಿ ಬರೆಸುವುದೂ ಒಂದು ವಿದ್ಯೆ. ಚಿತ್ರವನ್ನು, ಗಣಿತದ ಹಂತಗಳನ್ನು ಮಾತಿನಲ್ಲಿ ಹೇಳಲು ಅಭ್ಯಾಸ ಬೇಕು. ಕಿರುಪರೀಕ್ಷೆಗಳಲ್ಲಿಯೇ ಅದಕ್ಕೆ ಅವಕಾಶ ಕೊಡಬೇಕು.

ಫಲಿತಾಂಶದ ಭಯ

ಕೆಲವು ಶಾಲೆಗಳು ಬಾಯಿಬಿಟ್ಟು ಹೇಳದ ಒಂದು ಆತಂಕವಿದೆ. ಇಂತಹ ಮಗುವನ್ನು ಸೇರಿಸಿಕೊಂಡರೆ ನೂರಕ್ಕೆ ನೂರು ಫಲಿತಾಂಶ ತಪ್ಪಬಹುದು, ಉಳಿದ ಮಕ್ಕಳ ಪಾಠ ನಿಧಾನವಾಗಬಹುದು ಎಂಬುದೇ ಆ ಆತಂಕ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಐವತ್ತು ಮಕ್ಕಳಿರುವ ತರಗತಿಯಲ್ಲಿ ಒಬ್ಬ ಶಿಕ್ಷಕರ ಹೊರೆ ನಿಜವಾದುದೇ. ಆಡಳಿತ ಮಂಡಳಿ ತರಬೇತಿಯನ್ನೂ ನೆರವನ್ನೂ ಒದಗಿಸದೆ ಎಲ್ಲವನ್ನೂ ಶಿಕ್ಷಕರ ಸದ್ಭಾವನೆಗೆ ಬಿಡುವುದು ನ್ಯಾಯವಲ್ಲ. ಆದರೆ ಕಠಿಣವಾದುದನ್ನು ಬಿಡಿಸಿ ಹೇಳುವ, ಚಿತ್ರ ಮತ್ತು ಮಾದರಿಗಳಿಂದ ಕಲಿಸುವ ಪದ್ಧತಿ ತರಗತಿಯ ಎಲ್ಲ ಮಕ್ಕಳಿಗೂ ಉಪಕಾರಿಯೇ. ದಾಸೋಹದ ಪಂಕ್ತಿಯಲ್ಲಿ ಯಾರ ಅಂಕಪಟ್ಟಿಯನ್ನೂ ನಾವು ಕೇಳುವುದಿಲ್ಲ. ಅಕ್ಷರ ದಾಸೋಹಕ್ಕೆ ಬೇರೆ ನಿಯಮ ಹೇಗೆ ಸಲ್ಲುತ್ತದೆ?

ಪಾಲಕರಲ್ಲಿಯೂ ಸಂಕೋಚವಿದೆ. ನೆರೆಹೊರೆಯವರ ಮಾತಿಗೆ, ಉಳಿದ ಮಕ್ಕಳ ಮದುವೆಗೆ ತೊಡಕಾದೀತೆಂಬ ಭಯಕ್ಕೆ ಮಗುವಿನ ತೊಂದರೆಯನ್ನು ಮುಚ್ಚಿಡುವವರಿದ್ದಾರೆ. ಹೀಗೆ ಮುಚ್ಚಿಟ್ಟಷ್ಟು ಕಾಲವೂ ಮಗು ನೆರವಿನಿಂದ ವಂಚಿತವಾಗಿರುತ್ತದೆ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ತಮ್ಮ ಓಣಿಯಲ್ಲಿ ಶಾಲೆಗೆ ಹೋಗದ ಮಗುವಿದ್ದರೆ ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಿರಿ. ಆ ಮಗುವಿನ ತಂದೆತಾಯಿಯೊಡನೆ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಒಂದು ದಿನ ಹೋಗಿಬನ್ನಿರಿ. ಶಾಲೆಗೆ ಕೊಠಡಿ ಕಟ್ಟಿಸುವ ದಾನಿಗಳು ಅದರ ಮುಂದೆ ಸರಿಯಾದ ಇಳಿಜಾರನ್ನೂ ಕಟ್ಟಿಸಿರಿ. ಲಿಪಿಕಾರನಾಗಲು ತಮ್ಮ ಮಗನನ್ನೋ ಮಗಳನ್ನೋ ಸಂತೋಷದಿಂದ ಕಳಿಸಿರಿ. ಹೊಸ ವರ್ಷದ ಹಾಜರಿ ಪುಸ್ತಕದಲ್ಲಿ ಇನ್ನೂ ಖಾಲಿ ಸಾಲುಗಳಿವೆ. ಹೊರಗುಳಿದ ಮಗುವಿನ ಹೆಸರು ಅಲ್ಲಿಗೆ ಬರುವಂತೆ ಎಲ್ಲರೂ ಕೈಜೋಡಿಸೋಣ.