ಹಳೆಯ ಗಣಕಯಂತ್ರಕ್ಕೆ ಮುಕ್ತ ವ್ಯವಸ್ಥೆ: ಪರೀಕ್ಷೆಯ ನಂತರವೇ ನಿರ್ಧಾರ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವು ಕಡ್ಡಾಯವಾದುದರಿಂದ, ಸುಸ್ಥಿತಿಯಲ್ಲಿರುವ ಅನೇಕ ಗಣಕಯಂತ್ರಗಳೂ ಅದಕ್ಕೆ ಒಗ್ಗುವುದಿಲ್ಲ. ಹೊಸ ಯಂತ್ರಕ್ಕೆ ಬಂಡವಾಳ ಹೂಡುವ ಮುನ್ನ, ಪರವಾನಗಿ ಶುಲ್ಕವಿಲ್ಲದ ಲಿನಕ್ಸ್ ವ್ಯವಸ್ಥೆಗಳನ್ನು ಮನೆಯ ಗಣಕದಲ್ಲಿ ಪರೀಕ್ಷಿಸಿ ನೋಡುವುದು ಸೂಕ್ತ.

ವಿಧಾನವು ಸರಳವಾಗಿದೆ. 8 ಜಿಬಿ ಸಾಮರ್ಥ್ಯದ ಖಾಲಿ ಪೆನ್‌ಡ್ರೈವ್‌ಗೆ ವ್ಯವಸ್ಥೆಯನ್ನು ಅಳವಡಿಸಿಕೊಂಡು, ಅದರಿಂದಲೇ ಗಣಕವನ್ನು ಚಾಲನೆಗೊಳಿಸಬಹುದು. ‘ಇನ್‌ಸ್ಟಾಲ್’ ಆಯ್ಕೆಯನ್ನು ಒತ್ತದಿರುವವರೆಗೆ ಹಾರ್ಡ್‌ಡಿಸ್ಕ್‌ನ ವ್ಯವಸ್ಥೆಯು ಬದಲಾಗುವುದಿಲ್ಲ. ಆದರೂ ಲೆಕ್ಕಪತ್ರಗಳ ಪ್ರತಿಯನ್ನು ಮೊದಲೇ ತೆಗೆದಿರಿಸುವುದು ಕ್ಷೇಮ. ಪೆನ್‌ಡ್ರೈವ್‌ನಿಂದ ನಡೆಯುವಾಗ ವೇಗವು ತುಸು ಕಡಿಮೆಯಿರುತ್ತದೆ.

ಲಿನಕ್ಸ್ ಮಿಂಟ್‌ನ ಪರದೆಯು ವಿಂಡೋಸ್ ಬಳಸಿದವರಿಗೆ ಪರಿಚಿತವೆನಿಸುತ್ತದೆ. ಕಡಿಮೆ ಸಾಮರ್ಥ್ಯದ ಯಂತ್ರಗಳಿಗೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿಯು ಹಗುರ. ಸ್ಥಿರತೆಗೆ ಡೆಬಿಯನ್ ಹೆಸರಾಗಿದೆ. ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ನೀಡುವ ಫೆಡೋರಾವು, ಬದಲಾವಣೆ ಬಯಸದ ಕಚೇರಿಗೆ ಅಷ್ಟಾಗಿ ಹೊಂದದು.

ಪರೀಕ್ಷಿಸಬೇಕಾದುದು ಪರದೆಯ ಅಂದವನ್ನಲ್ಲ, ದಿನನಿತ್ಯದ ಕೆಲಸವನ್ನು. ಬಿಲ್ ಮುದ್ರಿಸುವ ಪ್ರಿಂಟರ್, ಸ್ಕ್ಯಾನರ್, ಕನ್ನಡ ಟೈಪಿಂಗ್, ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ ಇವೆಲ್ಲವನ್ನೂ ಒಂದೊಂದಾಗಿ ನೋಡಬೇಕು. ಎಕ್ಸೆಲ್ ಕಡತಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆಯಾದರೂ ಮ್ಯಾಕ್ರೋಗಳಿದ್ದಲ್ಲಿ ತೊಡಕಾಗಬಹುದು. ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿಯೇ ರಚಿತವಾದ ತಂತ್ರಾಂಶ.

ಆದ್ದರಿಂದ ಲೆಕ್ಕಪತ್ರಕ್ಕೆ ಬೆಂಬಲವುಳ್ಳ ಒಂದು ವಿಂಡೋಸ್ ಯಂತ್ರವನ್ನು ಉಳಿಸಿಕೊಂಡು, ಪತ್ರವ್ಯವಹಾರ, ದರಪಟ್ಟಿ ಮತ್ತು ಅಂತರ್ಜಾಲದ ಕೆಲಸಗಳನ್ನು ಮಾತ್ರ ಲಿನಕ್ಸ್‌ಗೆ ವರ್ಗಾಯಿಸುವುದು ಸಣ್ಣ ಉದ್ದಿಮೆದಾರರಿಗೆ ವಿವೇಕದ ಮಾರ್ಗವಾಗಿದೆ.